ಗೋಡೆ ಕಟ್ಟಿದ್ದು ಯಾರು? ನಿಷಿದ್ಧ ಪ್ರೇಮದ ಡಿಸ್ಟೋಪಿಯ ಕಾದಂಬರಿಗಳಲ್ಲಿ ನಿಮಗೆ ಯಾವುದು

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಮಳೆ ಜಡಿಯುತ್ತಿದ್ದಾಗ, ಫಸ್ಟ್ ಪಿಯುಸಿಯ ಹುಡುಗಿಯೊಬ್ಬಳು ನನ್ನ ಟ್ಯೂಷನ್ ಕೋಣೆಯ ಕಪಾಟಿನೆದುರು ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದು ಕಾಲು ಗಂಟೆ ನಿಂತಿದ್ದಳು. ಕೊಡೆಯ ನೀರು ಕೊಡವುತ್ತ ಬಾಗಿಲಲ್ಲಿ ನಿಂತಿದ್ದ ಅವಳ ಅಮ್ಮ ಕೇಳಿದರು: "ಟೀಚರೇ, ಇದರಲ್ಲೆಲ್ಲ ಬರೀ ಲವ್ವೇ ಅಂತಲ್ಲ ಇರುವುದು?" ಅವರು ಚಪ್ಪಲಿ ಬಿಡಲು ತಿರುಗಿದ ಹೊತ್ತು ನೋಡಿ ಮಗಳು ಪಿಸುಗುಟ್ಟಿದಳು: "ಟೀಚರ್, ಯಾವುದರಲ್ಲಿ ಲವ್ ಜಾಸ್ತಿ ಉಂಟು?"

ಉಡುಪಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವವಳು ನಾನು. ಮಕ್ಕಳಿಗೆ ಓದಿನ ರುಚಿ ಹತ್ತಲಿ ಎಂದು ಇಟ್ಟ ಕಪಾಟಿನಲ್ಲಿ ಈಗ ಅತಿ ಹೆಚ್ಚು ಕೈ ಬದಲಾಗುವುದು ನಿಷಿದ್ಧ ಪ್ರೇಮದ ಡಿಸ್ಟೋಪಿಯಗಳು, ಅಂದರೆ ಕೆಟ್ಟುಹೋದ ಲೋಕದ ಕಥೆಗಳು. ಮುಂದೆಂದೋ ಒಂದು ಕಾಲ, ಉಸಿರುಗಟ್ಟಿಸುವ ಸರ್ಕಾರ, ಹದಿನಾರು ಹದಿನೇಳರ ಹುಡುಗಿ, ಅವಳು ಪ್ರೀತಿಸಬಾರದ ಹುಡುಗ. ಹಿಂಬದಿಯ ಒಕ್ಕಣೆ ಓದಿದರೆ ಎಲ್ಲವೂ ಅವಳಿಜವಳಿ. ಒಳಗೆ ಹೊಕ್ಕರೆ ಅಜಗಜಾಂತರ. ಆವತ್ತು ಅಮ್ಮ ಮಗಳಿಬ್ಬರಿಗೂ ನಾನು ಸರಿಯಾಗಿ ಉತ್ತರ ಹೇಳಲಿಲ್ಲ, ಈಗ ಹೇಳುತ್ತೇನೆ.

ಲವ್ ಎಷ್ಟು ಉಂಟು ಎಂದು ಅಳೆದು ಈ ಪುಸ್ತಕ ಆರಿಸಲಾಗದು. ನೋಡಬೇಕಾದದ್ದು ಪ್ರೇಮಿಗಳ ನಡುವಿನ ಗೋಡೆಯನ್ನು, ಅಂದರೆ ಅವರ ಪ್ರೀತಿಗಿರುವ ನಿಷೇಧವನ್ನು. ನಾನು ಮಾಡುವ ಪರೀಕ್ಷೆ ಸುಲಭದ್ದು: ಕಥೆಯಿಂದ ಆ ನಿಷೇಧವನ್ನು ಎತ್ತಿ ಆಚೆ ಇಡಿ. ಪ್ರೇಮಕಥೆ ಆಗಲೂ ಹಾಗೆಯೇ ನಡೆಯುತ್ತದಾದರೆ ಆ ಗೋಡೆ ಬರೀ ರಂಗಸಜ್ಜಿಕೆ. ಇಡೀ ಕಥೆ ಕುಸಿದುಬಿದ್ದರೆ ಅದು ಕೆಲಸಕ್ಕೆ ಬರುವ ಗೋಡೆ. ಎರಡನೆಯದು, ಗೋಡೆ ಹಾರಿದ್ದಕ್ಕೆ ಬೆಲೆ ಕೊಡುವವರು ಯಾರು? ಪ್ರೇಮಿಗಳೇ, ಅವರ ಮನೆಯವರೇ, ಅಥವಾ ಯಾರೂ ಅಲ್ಲವೇ? ಉಳಿದವು ಮನೆಗೆ ಸೇರಿದ ಲೆಕ್ಕ. ಓದುವ ಮಗುವಿನ ವಯಸ್ಸಿಗೆ ಒಳಗಿನ ಹಿಂಸೆ, ಸಲಿಗೆ ಒಗ್ಗುತ್ತದೆಯೇ, ಇಂಗ್ಲಿಷ್ ಎಷ್ಟು ಕಷ್ಟ, ಒಂದು ಪುಸ್ತಕ ಕೊಂಡರೆ ಮುಗಿಯುತ್ತದೋ ಅಥವಾ ಆರು ಕೊಳ್ಳಬೇಕೋ.

ಪ್ರೀತಿಗೆ ಚಿಕಿತ್ಸೆ ಇರುವ ಊರು

ಲಾರೆನ್ ಆಲಿವರ್ ಅವರ ಡೆಲಿರಿಯಂ (2011) ನನ್ನ ಗೋಡೆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರು, ಸುತ್ತ ವಿದ್ಯುತ್ ಬೇಲಿ. ಅಲ್ಲಿ ಪ್ರೀತಿ ಒಂದು ಕಾಯಿಲೆ, ಅದಕ್ಕೊಂದು ಲ್ಯಾಟಿನ್ ಹೆಸರು, ಹದಿನೆಂಟು ತುಂಬಿದವರಿಗೆ ಸರ್ಕಾರವೇ ಮಾಡಿಸುವ ಶಸ್ತ್ರಚಿಕಿತ್ಸೆ. ನಾಯಕಿ ಲೀನಾ ಬಂಡಾಯಗಾರ್ತಿಯಲ್ಲ, ಚಿಕಿತ್ಸೆಯ ದಿನಕ್ಕಾಗಿ ಬೆರಳು ಮಡಚಿ ಎಣಿಸುತ್ತಿರುವವಳು. ಇನ್ನು 95 ದಿನ ಇರುವಾಗ ಅಲೆಕ್ಸ್ ಎದುರಾಗುತ್ತಾನೆ.

ಕ್ಲಾಸಿನಲ್ಲಿ ನಾನು ಯಾವಾಗಲೂ ಓದಿ ಹೇಳುವುದು ಅವಳ ಮೌಲ್ಯಮಾಪನದ ದೃಶ್ಯವನ್ನು. ಅಧಿಕಾರಿಗಳು ಮೇಜಿನ ಹಿಂದೆ ಸಾಲಾಗಿ ಕೂತಿದ್ದಾರೆ. ಇಷ್ಟದ ಬಣ್ಣ ಯಾವುದು, ಇಷ್ಟದ ಪುಸ್ತಕ ಯಾವುದು ಎಂಬ ಪ್ರಶ್ನೆಗಳು. ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿ ಬಂದಿದ್ದಾಳೆ. ಆದರೂ ಬಣ್ಣ ಕೇಳಿದಾಗ ಬಾಯಿ ತಪ್ಪಿ 'ಬೂದು' ಅಂದುಬಿಡುತ್ತಾಳೆ. ಆ ಲೋಕದಲ್ಲಿ ರೋಮಿಯೋ ಜೂಲಿಯೆಟ್ ಪ್ರೀತಿ ರೋಗದ ಅಪಾಯ ತಿಳಿಸುವ ಎಚ್ಚರಿಕೆಯ ಪಾಠ, ಅದನ್ನು ಭಯಂಕರ ಎನ್ನಬೇಕು. ಇವಳು 'ಚೆಂದ' ಅನ್ನುತ್ತಾಳೆ. ಓದಿದಾಗಲೆಲ್ಲ ಹುಡುಗಿಯರು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ವೈವಾ ಮತ್ತು ಹೆಣ್ಣು ನೋಡುವ ಶಾಸ್ತ್ರ ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದಂತಿದೆ ಆ ಕೋಣೆ. ಪ್ರೀತಿ ರೋಗವೆಂಬ ಮಾತೂ ನಮಗೆ ತೀರಾ ಹೊಸದಲ್ಲ. ಮಗ ಯಾರನ್ನೋ ಮೆಚ್ಚಿದ ಅಂತಾದರೆ 'ಅವನಿಗೆ ಕೈವಿಷ ಹಾಕಿದ್ದಾರೆ' ಎಂದು ಅದನ್ನು ಇಳಿಸಲು ಹೊರಟ ಅಜ್ಜಿಯಂದಿರನ್ನು ತುಳುನಾಡಿನಲ್ಲಿ ನಾವು ಕಂಡವರೇ.

ತೊಡಕೂ ಉಂಟು. ವರ್ಣನೆ ದಟ್ಟ, ವಾಕ್ಯ ಉದ್ದ, ಮೊದಲ ನೂರು ಪುಟ ನಿಧಾನ. ಮೊದಲ ಭಾಗ ಮುಗಿಯುವುದೇ ಕಥೆಯನ್ನು ನಡುನೀರಿನಲ್ಲಿ ಬಿಟ್ಟು, ಹಾಗಾಗಿ ಪ್ಯಾಂಡೆಮೋನಿಯಂ (2012), ರಿಕ್ವಿಯಂ (2013) ಎರಡನ್ನೂ ತಂದಿಟ್ಟುಕೊಂಡೇ ಶುರು ಮಾಡಬೇಕು. ಮೂರನೆಯದರ ಕೊನೆ ಅರ್ಧಕ್ಕೆ ನಿಂತಂತಿದೆ ಎಂದು ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಇನ್ನೂ ಸಿಟ್ಟಾಗಿದ್ದಾರೆ. ನನಗೆ ಆ ಕೊನೆ ಇಷ್ಟ, ಆದರೆ ಎಲ್ಲ ಗಂಟೂ ಬಿಚ್ಚಿಕೊಳ್ಳಬೇಕು ಎನ್ನುವವರು ಈ ಸರಣಿಯಿಂದ ದೂರ ಇರಿ.

ಜಾತಕ ಕೂಡಿಸುವ ಸರ್ಕಾರ

ಆ್ಯಲಿ ಕಾಂಡಿಯವರ ಮ್ಯಾಚ್ಡ್ (2010) ಕೂಡ ಇದೇ ನೆರೆಯದು, ಆದರೆ ಸ್ವಭಾವ ಮೆದು. ಇಲ್ಲಿ ಪ್ರೀತಿ ನಿಷಿದ್ಧವಲ್ಲ, ಆಯ್ಕೆ ನಿಷಿದ್ಧ. ಹದಿನೇಳಕ್ಕೆ ಔತಣ ಇಟ್ಟು ಸರ್ಕಾರವೇ ನಿಮ್ಮ ಜೋಡಿ ಪ್ರಕಟಿಸುತ್ತದೆ. ಕಸಿಯಾಗೆ ಸಿಕ್ಕಿದ್ದು ಬಾಲ್ಯದ ಗೆಳೆಯ ಕ್ಸ್ಯಾಂಡರ್. ಒಳ್ಳೆಯ ಹುಡುಗ, ತೆಗೆದುಹಾಕಲು ಏನೂ ಇಲ್ಲ. ಆದರೆ ಮನೆಯಲ್ಲಿ ವಿವರದ ಕಾರ್ಡ್ ಹಾಕಿ ನೋಡುವಾಗ ಪರದೆಯಲ್ಲಿ ಒಂದು ಕ್ಷಣ ಬೇರೊಬ್ಬನ ಮುಖ ಮಿಂಚಿ ಮಾಯವಾಗುತ್ತದೆ. ಅವನ ಹೆಸರು ಕೈ (Ky), ಸರ್ಕಾರದ ಲೆಕ್ಕದಲ್ಲಿ ಮದುವೆಗೇ ಅರ್ಹನಲ್ಲದವನು.

ಇದರಲ್ಲಿ ನನಗೆ ಮರೆಯಲಾಗದ್ದು ಬರವಣಿಗೆಯ ವಿಷಯ. ಆ ಸಮಾಜ ನೂರು ಕವಿತೆ, ನೂರು ಹಾಡು, ನೂರು ಚಿತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಿದೆ. ಕೈಯಲ್ಲಿ ಬರೆಯಲು ಯಾರಿಗೂ ಗೊತ್ತಿಲ್ಲ, ಪರದೆಯ ಮೇಲೆ ಒತ್ತುವುದಷ್ಟೇ. ಆ ಹುಡುಗ ಕೈ ಅವಳಿಗೆ ಗುಡ್ಡದ ಮೇಲೆ ಮಣ್ಣಿನಲ್ಲಿ ಕಡ್ಡಿಯಿಂದ ಅಕ್ಷರ ತಿದ್ದಿಸುತ್ತಾನೆ. ಹರಿವಾಣದ ಅಕ್ಕಿಯಲ್ಲಿ ಬೆರಳು ಹಿಡಿಸಿಕೊಂಡು ಓಂಕಾರ ಬರೆದವರಿಗೆ ಆ ಪುಟ ಓದುವಾಗ ಕೈಬೆರಳೇ ಜುಮ್ಮೆನ್ನುತ್ತದೆ. ಇಡೀ ಪ್ರಣಯ ಹೆಚ್ಚುಕಡಿಮೆ ಅಷ್ಟೇ: ಅಕ್ಷರ, ಕದ್ದ ಕವಿತೆ, ಗುಡ್ಡ ಹತ್ತುವಾಗಿನ ಮೌನ.

ಮಗು ಎಂಟನೇ ಕ್ಲಾಸು, ಅಮ್ಮ ಕವರ್ ಪುಟವನ್ನೂ ತಿರುಗಿಸಿ ಪರೀಕ್ಷಿಸುವವರು ಅಂತಾದರೆ ನಾನು ಕೊಡುವುದು ಇದನ್ನೇ. ಮುಜುಗರದ ಪುಟಗಳಿಲ್ಲ, ಮೊದಲ ಭಾಗದಲ್ಲಿ ರಕ್ತವೂ ಕಡಿಮೆ. ಎಂಬತ್ತು ತುಂಬಿದವರನ್ನು ವ್ಯವಸ್ಥಿತವಾಗಿ ಬೀಳ್ಕೊಡುವ ವಿಚಾರವೊಂದು ಬರುತ್ತದೆ, ಅಜ್ಜ ಅಜ್ಜಿಗೆ ಹತ್ತಿರದ ಮಕ್ಕಳು ಅಲ್ಲಿ ಅತ್ತೇ ಅಳುತ್ತಾರೆ. ಕೊರತೆ ಎಂದರೆ ಎರಡನೆಯ ಭಾಗ ಕ್ರಾಸ್ಡ್ (2011) ಬಹಳ ಸಪ್ಪೆ. ದುಡ್ಡು ಲೆಕ್ಕ ಹಾಕುವವರು ಮೊದಲನೆಯದನ್ನು ಓದಿ ನಿಲ್ಲಿಸಿದರೂ ದೊಡ್ಡ ನಷ್ಟವಿಲ್ಲ.

ಕಾನೂನೊಂದೇ ಅಲ್ಲ, ನೆರೆಮನೆಯೂ

ಮೇಲಿನ ಎರಡರಲ್ಲೂ ಗೋಡೆ ಕಟ್ಟಿದ್ದು ಸರ್ಕಾರ, ಆದ್ದರಿಂದ ಓದುಗರಿಗೊಂದು ಅನುಕೂಲ: ಸರ್ಕಾರವನ್ನು ಬೈದರೆ ಆಯಿತು. ಮಲೋರಿ ಬ್ಲ್ಯಾಕ್‌ಮನ್ ಅವರ ನಾಟ್ಸ್ ಅಂಡ್ ಕ್ರಾಸಸ್ (2001) ಆ ಅನುಕೂಲ ಕೊಡುವುದಿಲ್ಲ. ಹೆಸರು ನಾವು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆಡುವ ಸೊನ್ನೆ-ಇಂಟು ಆಟದ್ದು. ಆ ಲೋಕದಲ್ಲಿ ಕಪ್ಪು ಜನ, ಅಂದರೆ ಕ್ರಾಸ್‌ಗಳು ಆಳುವವರು. ಬಿಳಿಯರು ಸೊನ್ನೆಗಳು, ನೆನ್ನೆ ಮೊನ್ನೆಯವರೆಗೆ ಗುಲಾಮರು. ಮಂತ್ರಿಯ ಮಗಳು ಸೆಫಿ, ಅವಳ ಮನೆಯಲ್ಲಿ ಕೆಲಸಕ್ಕಿದ್ದವಳ ಮಗ ಕ್ಯಾಲಮ್. ಕಥೆ ಶುರುವಾಗುವುದು ಸಮುದ್ರತೀರದಲ್ಲಿ, ಆದರೆ ಮಲ್ಪೆಯ ಹಾಗೆ ಯಾರು ಬೇಕಾದರೂ ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುವ ತೀರವಲ್ಲ, ಸೆಫಿಯ ಮನೆಯವರ ಸ್ವಂತ ತೀರ. ಒಂದು ಅಧ್ಯಾಯ ಅವಳ ಬಾಯಲ್ಲಿ, ಇನ್ನೊಂದು ಅವನ ಬಾಯಲ್ಲಿ.

ಇದರಲ್ಲಿ ಒಂದು ಬ್ಯಾಂಡೇಜಿನ ಪ್ರಸಂಗವಿದೆ. ಸೊನ್ನೆ ಹುಡುಗಿಯೊಬ್ಬಳ ಬಿಳಿಚು ಮುಖದ ಮೇಲೆ ಗಾಢ ಕಂದು ಬಣ್ಣದ ಪಟ್ಟಿ ಎದ್ದು ಕಾಣುತ್ತದೆ. ಯಾಕೆಂದರೆ ಅಂಗಡಿಯಲ್ಲಿ ಸಿಗುವುದು ಅದೊಂದೇ ಬಣ್ಣ, ಆಳುವವರ ಚರ್ಮದ ಬಣ್ಣ. ಸೆಫಿಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಇದನ್ನು ಓದಿ ಹೇಳಿದ ದಿನ ಮೂರನೇ ಬೆಂಚಿನ ಹುಡುಗಿಯೊಬ್ಬಳು ತನ್ನ ಹೆಬ್ಬೆರಳನ್ನು ಎತ್ತಿ ನೋಡಿಕೊಂಡಳು. ಹಿಂದಿನ ದಿನ ಹಲಸಿನಕಾಯಿ ಕೊಯ್ಯುವಾಗ ಆದ ಗಾಯ. ಎಣ್ಣೆಗಪ್ಪು ಬೆರಳಿನ ಮೇಲೆ ಗೋಧಿ ಬಣ್ಣದ ಪಟ್ಟಿ. "ಟೀಚರ್, ಇದಕ್ಕೂ 'ಸ್ಕಿನ್ ಕಲರ್' ಅಂತಲೇ ಹೇಳುವುದಲ್ಲ?" ಅಂದಳು. ಆವತ್ತು ಗ್ರಾಮರ್ ಪಾಠ ಮುಂದೆ ಹೋಗಲಿಲ್ಲ.

ಇಲ್ಲಿ ಗೋಡೆಯನ್ನು ಸರ್ಕಾರ ಕಟ್ಟಿದೆ, ಶಾಲೆ ಕಟ್ಟಿದೆ, ಎರಡೂ ಮನೆಯವರು ಕಟ್ಟಿದ್ದಾರೆ. ಕೊನೆಗೆ ಪ್ರೇಮಿಗಳ ಒಳಗೂ ಒಂದಷ್ಟು ಇಟ್ಟಿಗೆ ಇದೆ. ಸೆಫಿ ಒಳ್ಳೆಯ ಮನಸ್ಸಿನಿಂದಲೇ ಆಡುವ ಮಾತು ಅವನನ್ನು ಇರಿಯುತ್ತದೆ. ಒಟ್ಟಿಗೆ ಊಟಕ್ಕೆ ಕೂತರೆ ಅವನ ಕಡೆಯವರಿಗೂ ಸಿಟ್ಟು, ಇವಳ ಕಡೆಯವರಿಗೂ ಸಿಟ್ಟು. ಬಸ್‌ಸ್ಟ್ಯಾಂಡಿನಲ್ಲಿ ಜೊತೆಗೆ ನಿಂತ ಹುಡುಗ ಹುಡುಗಿಯ ಹೆಸರು ಕೇಳಿ ಧರ್ಮ ಲೆಕ್ಕಹಾಕುವ ಗುಂಪುಗಳ ಸುದ್ದಿ ಓದುತ್ತ ಬೆಳೆದ ಕರಾವಳಿಯ ಮಕ್ಕಳಿಗೆ ಇದರ ಬಿಸಿ ವಿವರಿಸಿ ಹೇಳಬೇಕಿಲ್ಲ.

ಅದಕ್ಕೇ ಹೆತ್ತವರಿಗೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಬಾಂಬ್ ಸ್ಫೋಟ, ಅಪಹರಣ, ಆತ್ಮಹತ್ಯೆ, ಮರಣದಂಡನೆ ಎಲ್ಲ ಬರುತ್ತವೆ, ದೈಹಿಕ ಸಂಬಂಧವೂ ಬರುತ್ತದೆ. ಹದಿನೈದು ದಾಟಿರಲಿ. ನಾನು ಒಮ್ಮೆ ಈ ಎಚ್ಚರ ತಪ್ಪಿ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಕೊಟ್ಟಿದ್ದೆ. ನಾಲ್ಕನೇ ದಿನ ಪುಸ್ತಕ ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ವಾಪಸು ಬಂತು, ಮಾತಿಲ್ಲ ಕತೆಯಿಲ್ಲ. ತಪ್ಪು ನನ್ನದೇ. ಭಾಷೆ ಮಾತ್ರ ಸರಳ, ಅಧ್ಯಾಯಗಳು ಚಿಕ್ಕವು. ಸರಣಿ 2021ರವರೆಗೆ ಬೆಳೆದಿದ್ದರೂ ಮೊದಲ ಪುಸ್ತಕ ತನ್ನಷ್ಟಕ್ಕೆ ಪೂರ್ತಿ. ಒಂದೇ ಪುಸ್ತಕಕ್ಕೆ ದುಡ್ಡಿದೆ ಎನ್ನುವವರಿಗೆ ನನ್ನ ಉತ್ತರ ಇದೇ.

ನಂಬರು ಹಚ್ಚಿದ ಜಾತಿ

ಕೀರಾ ಕಾಸ್ ಅವರ ದಿ ಸೆಲೆಕ್ಷನ್ (2012) ನನ್ನ ಕಪಾಟಿನಲ್ಲಿ ಅತಿ ಹೆಚ್ಚು ಸವೆದ ಪುಸ್ತಕ. ರಾಜಕುಮಾರನಿಗೆ ಹೆಂಡತಿ ಹುಡುಕಲು 35 ಹುಡುಗಿಯರ ಸ್ಪರ್ಧೆ, ಗೌನು, ಅರಮನೆ, ಟಿವಿ ಕ್ಯಾಮೆರಾ. ಸಮಾಜ ಒಂದರಿಂದ ಎಂಟರವರೆಗೆ ಜಾತಿಗಳಾಗಿ ಹಂಚಿದೆ, ಜಾತಿಗೆ ತಕ್ಕ ಕಸುಬು. ನಾಯಕಿಯ ಹೆಸರೇ ಅಮೆರಿಕ ಸಿಂಗರ್, ಐದನೆಯವಳು, ಕಲಾವಿದರ ಜಾತಿ. ಅವಳು ಕದ್ದು ಪ್ರೀತಿಸುವ ಆ್ಯಸ್ಪೆನ್ ಆರನೆಯವನು, ಆಳುಕಾಳುಗಳ ಜಾತಿ. ಮರದ ಮೇಲಿನ ಪುಟ್ಟ ಮನೆಯಲ್ಲಿ ಭೇಟಿ. ಅವಳು ಹಾಡಿದ್ದಕ್ಕೆ ಅವನು ಕೈಲಿದ್ದ ಒಂದು ಪೆನ್ನಿ ಕೊಡುತ್ತಾನೆ, ಅವಳು ಖರ್ಚು ಮಾಡದೆ ಜಾಡಿಯಲ್ಲಿ ಕೂಡಿಡುತ್ತಾಳೆ. ಹಸಿದ ಹುಡುಗನಿಗೆ ಅವಳು ಊಟ ಕಟ್ಟಿ ತರುವುದೂ, ಅದರಿಂದಲೇ ಅವನ ಮಾನಕ್ಕೆ ಪೆಟ್ಟು ಬೀಳುವುದೂ ಚೆನ್ನಾಗಿ ಬಂದಿದೆ.

ಒಂದು ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ಆ ದೇಶದಲ್ಲಿ ಜಾತಿ ದಾಟಿ ಮದುವೆಯಾಗುವುದಕ್ಕೆ ಅಡ್ಡಿಯಿಲ್ಲ, ಆದರೆ ರಾಶಿ ಕಾಗದಪತ್ರ ತುಂಬಿ ತೊಂಬತ್ತು ದಿನದಷ್ಟು ಕಾಯಬೇಕು, ಮನಸ್ಸು ಬದಲಾದರೆ ಆಗಲಿ ಎಂದು. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೂವತ್ತು ದಿನ. ನೋಟಿಸು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿರುತ್ತದೆ. ಡಿಸ್ಟೋಪಿಯ ಬರೆಯುವವರು ಕಲ್ಪಿಸಿದ್ದು ನಮ್ಮಲ್ಲಿ ರಿಯಾಯಿತಿ ದರದಲ್ಲಿ ಜಾರಿಯಲ್ಲಿದೆ ಅಂತ ಕ್ಲಾಸಿನಲ್ಲಿ ಹೇಳಿದೆ. ಮಕ್ಕಳು ತಮಾಷೆ ಅಂದುಕೊಂಡರು.

ಆದರೆ ಗೋಡೆ ಪರೀಕ್ಷೆಯಲ್ಲಿ ಈ ಪುಸ್ತಕಕ್ಕೆ ಜಸ್ಟ್ ಪಾಸು. ಇಲ್ಲಿಯ ಜಾತಿ ಬರೀ ಕೆಲಸದ ಹಣೆಪಟ್ಟಿ. ಮುಟ್ಟಿದರೆ ಏನೂ ಆಗುವುದಿಲ್ಲ, ಒಟ್ಟಿಗೆ ಉಂಡರೂ ಆಗುವುದಿಲ್ಲ. ಸ್ಪರ್ಧೆ ಗೆದ್ದವಳು ನೇರ ಒಂದನೆಯವಳು. ಗೋಡೆಗೆ ಏಣಿ ಒರಗಿಸಿಟ್ಟ ಮೇಲೆ ಅದು ಗೋಡೆ ಹೇಗಾದೀತು? 'ಯಾವ ಮನೆಯವರು, ಬರಿ (ತುಳುನಾಡಿನ ಕುಲದ ಹೆಸರು) ಯಾವುದು' ಎಂದು ಎರಡೇ ಪ್ರಶ್ನೆಯಲ್ಲಿ ಎದುರಿನವರನ್ನು ಅಳೆದು ಮುಗಿಸುವ ಊರಿನವರಿಗೆ ಇಷ್ಟು ಸುಲಭದ ಜಾತಿ ನಂಬಲು ಕಷ್ಟ. ಹಾಗಂತ ಬೇಡ ಅನ್ನುವುದಿಲ್ಲ. ಇಂಗ್ಲಿಷ್ ಪುಸ್ತಕ ಅಂದರೆ ಹೆದರಿ ಓಡುವ ಎಷ್ಟೋ ಮಕ್ಕಳು ಮೊದಲ ಬಾರಿಗೆ ಪೂರ್ತಿ ಮುಗಿಸಿದ ಕಾದಂಬರಿ ಇದು. ಮೂರು ದಿನದಲ್ಲಿ ಮುಗಿಸಿ ಎರಡನೆಯದಕ್ಕೆ ಓಡಿಬರುತ್ತಾರೆ. ಮೂಲ ಕಥೆ 2014ರ ಮೂರನೆಯ ಭಾಗಕ್ಕೆ ಮುಗಿಯುತ್ತದೆ, ಆಮೇಲಿನವು ಮುಂದಿನ ತಲೆಮಾರಿನ ಕಥೆ. ಅಮ್ಮಂದಿರಿಗೂ ಇದರಲ್ಲಿ ಭಯಪಡುವಂಥದ್ದು ಹೆಚ್ಚಿಲ್ಲ.

ಶಕ್ತಿ, ಯುದ್ಧ, ಮಾಯೆ ಬೇಕು ಎನ್ನುವವರಿಗೆ

ವಿಕ್ಟೋರಿಯಾ ಅವೆಯಾರ್ಡ್ ಅವರ ರೆಡ್ ಕ್ವೀನ್ (2015) ರಕ್ತದ ಬಣ್ಣದ ಕಥೆ. ಬೆಳ್ಳಿ ರಕ್ತದವರಿಗೆ ಅತಿಮಾನುಷ ಶಕ್ತಿ, ಆದ್ದರಿಂದ ಆಳ್ವಿಕೆ. ಕೆಂಪು ರಕ್ತದವರಿಗೆ ಊಳಿಗ ಮತ್ತು ಯುದ್ಧ. ಕೆಂಪು ರಕ್ತದ ಮೇರ್ ಮಿಂಚು ಹರಿಸಬಲ್ಲಳು ಎಂದು ತಿಳಿದೊಡನೆ ಅರಮನೆ ಅವಳನ್ನು ಬೆಳ್ಳಿಯವಳೆಂದು ಸುಳ್ಳು ಹೇಳಿ ಒಳಗಿಟ್ಟುಕೊಳ್ಳುತ್ತದೆ. ಇಬ್ಬರು ರಾಜಕುಮಾರರು, ಮೋಸದ ಮೇಲೆ ಮೋಸ. ಪ್ರೀತಿ ಇದರಲ್ಲಿ ಗಂಜಿಗೆ ನೆಂಚಿಕೊಳ್ಳುವ ಉಪ್ಪಿನಕಾಯಿಯಷ್ಟೇ. 'ಲವ್ ಸ್ಟೋರಿ ಎಲ್ಲ ನಮಗೆ ಬೇಡ ಟೀಚರ್' ಎನ್ನುವ ಹುಡುಗರು ತುಟಿ ಪಿಟಕ್ಕೆನ್ನದೆ ಓದುವುದು ಇದನ್ನು. ನಾಲ್ಕು ದಪ್ಪ ಪುಸ್ತಕ, 2018ಕ್ಕೆ ಮುಗಿದದ್ದು. ಮೂರನೆಯದರಲ್ಲಿ ಕಾಲು ಎಳೆಯುತ್ತದೆ.

ಸಬಾ ತಾಹಿರ್ ಅವರ ಆ್ಯನ್ ಎಂಬರ್ ಇನ್ ದಿ ಆ್ಯಶಸ್ (2015) ಇನ್ನೂ ಒರಟು: ಗುಲಾಮಳ ವೇಷದಲ್ಲಿ ಬಂದ ಗೂಢಚಾರಿಣಿ, ಸಾಮ್ರಾಜ್ಯದ ಸೈನಿಕ, ಚಾಟಿಯೇಟು, ಜಿನ್ನುಗಳು. ಗೋಡೆ ಗಟ್ಟಿಯಾಗಿದೆ, ಕ್ರೌರ್ಯವೂ ಹಾಗೆಯೇ. ಇದೂ ನಾಲ್ಕು ಭಾಗ.

ತಾಹೆರೆ ಮಾಫಿಯವರ ಶ್ಯಾಟರ್ ಮಿ (2011) ಬಗ್ಗೆ ನನಗೂ ಹುಡುಗಿಯರಿಗೂ ಮುಗಿಯದ ಜಗಳ. ಜೂಲಿಯೆಟ್ ಮುಟ್ಟಿದವರು ಸಾಯುತ್ತಾರೆ, ಹಾಗಾಗಿ ಗೋಡೆ ಅವಳ ಚರ್ಮವೇ. ಒಳ್ಳೆಯ ಕಲ್ಪನೆ. ಅವಳು ಯೋಚಿಸಿ ನುಂಗಿಕೊಂಡ ಮಾತುಗಳನ್ನು ಗೆರೆ ಹೊಡೆದೇ ಅಚ್ಚು ಮಾಡಿದ್ದಾರೆ, ಅದೂ ಚೆಂದ. ಆದರೆ ಅವಳನ್ನು ಕೂಡಿಹಾಕಿದ ಅಧಿಕಾರಿ ವಾರ್ನರ್‌ನನ್ನೇ ಮುಂದಿನ ಭಾಗಗಳಲ್ಲಿ ಮುದ್ದು ಮಾಡುತ್ತಾರೆ. "ಅವನಿಗೂ ಕಷ್ಟ ಇತ್ತು ಟೀಚರ್" ಎಂಬುದು ಅವರ ವಾದ. ಕಷ್ಟ ಇದ್ದವರೆಲ್ಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ ಎಂಬುದು ನನ್ನದು. ಮೂಲ ಕಥೆಯೇ ಆರು ಕಾದಂಬರಿ, ಮುಂದೆ ಹೋದಂತೆ ಸಲಿಗೆಯ ದೃಶ್ಯಗಳೂ ಹೆಚ್ಚು. ಪಿಯುಸಿ ಮುಗಿಸಿದವರಿಗೆ ಸಾಕು.

ಪರೀಕ್ಷೆಯ ನಡುವೆ ನಾಲ್ಕೇ ದಿನ ರಜೆ ಸಿಕ್ಕಿದೆ ಎನ್ನುವವರು ಮೇರಿ ಲೂ ಅವರ ಲೆಜೆಂಡ್ (2011) ತಗೊಳ್ಳಿ. ಸೈನ್ಯದ ಹುಡುಗಿ, ಸರ್ಕಾರ ಹುಡುಕುತ್ತಿರುವ ಹುಡುಗ, ಇಬ್ಬರಿಗೂ ಹದಿನೈದು. ಬಸ್ಸಿನಲ್ಲಿ ಓದಲು ಹೇಳಿಮಾಡಿಸಿದ್ದು. ನಿಷೇಧ ತೆಳು, ಓಟ ಜೋರು.

ದುಡ್ಡಿನ ಮಾತು

ಹೊಸ ಪ್ರತಿಗಳು ಸಾಮಾನ್ಯವಾಗಿ ನಾಲ್ಕೈದು ನೂರರ ಆಸುಪಾಸು. ಸರಣಿ ಪೂರ್ತಿ ಕೊಳ್ಳಲು ಹೊರಟರೆ ಮನೆಯಲ್ಲಿ ಮಂಗಳಾರತಿ ಖಂಡಿತ. ನಾಲ್ವರು ಗೆಳತಿಯರು ಸೇರಿ ಒಂದೊಂದು ಭಾಗ ಕೊಂಡು ಸುತ್ತು ಹಾಕುವುದು ಒಳ್ಳೆಯ ಉಪಾಯ, ರೆಡ್ ಕ್ವೀನ್ ನನ್ನ ಕ್ಲಾಸಿನಲ್ಲಿ ಹಾಗೆಯೇ ಓದಿ ಮುಗಿಯಿತು. ಸೆಕೆಂಡ್ ಹ್ಯಾಂಡ್ ಆಗಬಹುದು, ಆದರೆ ಅರ್ಧ ಬೆಲೆಗೆ ಸಿಗುವ ಕಳ್ಳ ಮುದ್ರಣದ ಆಸೆ ಬೇಡ. ನಾನು ಹಾಗೆ ಕೊಂಡ ಡೆಲಿರಿಯಂ ಪ್ರತಿಯಲ್ಲಿ ಮಧ್ಯದ ಮೂವತ್ತೆರಡು ಪುಟಗಳೇ ಇರಲಿಲ್ಲ, ಅದರ ಬದಲು ಹಿಂದಿನ ಮೂವತ್ತೆರಡು ಪುಟ ಎರಡನೇ ಸಲ. ಪ್ರೇಮಿಗಳು ಮೊದಲ ಸಲ ಮುತ್ತಿಡುವ ಹೊತ್ತಿಗೆ ಸರಿಯಾಗಿ ಕಥೆ ವಾಪಸು ಹೋಗುತ್ತದೆ. ಒಬ್ಬ ತಾಯಿ ಇದು ನಾನೇ ಬೇಕೆಂದು ಕಿತ್ತದ್ದು ಎಂದುಕೊಂಡು ಥ್ಯಾಂಕ್ಸ್ ಬೇರೆ ಹೇಳಿದರು. ಇನ್ನೊಂದು, ಆ ಪ್ರತಿಗಳ ಅಂಟು ನಮ್ಮ ಮಳೆಗಾಲ ತಡೆಯುವುದಿಲ್ಲ. ಜುಲೈ ಬಂದರೆ ಹಾಳೆ ಹಾಳೆ ಕೈಗೆ ಬರುತ್ತದೆ.

ಈ ಬಗೆಯ ಕಥೆಯೇ ಹೊರಗಿನ ಚಾಳಿ ಎಂದು ಬೇಸರಪಡುವ ಹಿರಿಯರಿಗೆ ಒಂದು ಮಾತು ಹೇಳುವುದುಂಟು. ಬಾಲವಿಧವೆಯೊಬ್ಬಳು ಓದು ಕಲಿತು, ತನಗೆ ಒಪ್ಪಿದವನನ್ನು ಮರುಮದುವೆಯಾಗುವ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಅಚ್ಚಾದದ್ದು 1899ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ. ಆಗ ಅದಕ್ಕಿಂತ ನಿಷಿದ್ಧವಾದದ್ದು ಬೇರೆ ಯಾವುದಿತ್ತು?

ಇಷ್ಟಾದ ಮೇಲೂ ಎರಡರ ನಡುವೆ ಜೋತಾಡುತ್ತಿದ್ದೀರಾದರೆ ಎರಡರ ಮೊದಲ ಅಧ್ಯಾಯವನ್ನೂ ನಿಂತಲ್ಲೇ ಓದಿ. ಯಾರು ಏನನ್ನು ಯಾಕೆ ತಡೆಯುತ್ತಿದ್ದಾರೆ ಎಂದು ತಿಳಿಯುವ ಕುತೂಹಲ ಯಾವುದರಲ್ಲಿ ಹುಟ್ಟಿತೋ ಅದನ್ನು ಎತ್ತಿಕೊಳ್ಳಿ. ಹುಡುಗ ಎಷ್ಟು ಚೆಂದ ಇದ್ದಾನೆ ಎಂಬುದಕ್ಕೆ ಸೋಲಬೇಡಿ, ಎಲ್ಲ ಪುಸ್ತಕದಲ್ಲೂ ಚೆಂದವೇ ಇರುತ್ತಾನೆ. ಆಟಿಯಲ್ಲಿ ಬಂದಿದ್ದ ಆ ಹುಡುಗಿ ಮ್ಯಾಚ್ಡ್ ಮತ್ತು ಡೆಲಿರಿಯಂ ಹಿಡಿದು ನಿಂತಿದ್ದಳು. ಡೆಲಿರಿಯಂ ಒಯ್ದಳು, ಆ ಕಳ್ಳ ಪ್ರತಿಯಲ್ಲ, ಒಳ್ಳೆಯದನ್ನೇ ಕೊಟ್ಟೆ. ಮ್ಯಾಚ್ಡ್ ಅವಳ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಹೋಯಿತು, 'ಮೊದಲು ನಾನು ನೋಡಿ ಕೊಡ್ತೇನೆ' ಅಂತ. ದಸರಾ ರಜೆ ಮುಗಿದರೂ ಅದು ಇನ್ನೂ ವಾಪಸು ಬಂದಿಲ್ಲ.